ದೀಕ್ಷೆಯ ಮಾರನೆಯ ದಿನ

೧೯೫೬ರ ಅಕ್ಟೋಬರ್ ೧೪ರಂದು ನಾಗಪುರದಲ್ಲಿ ಬಾಬಾಸಾಹೇಬರು ಭಿಕ್ಷು ಚಂದ್ರಮಣಿಯವರಿಂದ ತ್ರಿಸರಣ, ಪಂಚಶೀಲ ಪಡೆದರು. ಆಮೇಲೆ ನೆರೆದಿದ್ದ ಲಕ್ಷಾಂತರ ಜನಕ್ಕೆ ತಾವೇ ದೀಕ್ಷೆ ಕೊಟ್ಟರು. ಚೀವರ ತೊಡದ ಗೃಹಸ್ಥರೊಬ್ಬರು ಗೃಹಸ್ಥರಿಗೇ ದೀಕ್ಷೆ ಕೊಟ್ಟ ಈ ಘಟನೆಯನ್ನು ಬರೀ ‘ಮತಾಂತರ’ ಎಂದು ಕರೆದರೆ ಅದರ ಅರ್ಧ ಅರ್ಥವೇ ಕಳೆದುಹೋಗುತ್ತದೆ.

ಅಲ್ಲಿ ಬೋಧಿಸಿದ ೨೨ ಪ್ರತಿಜ್ಞೆಗಳನ್ನು ನೋಡಿ: ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ, ಬ್ರಾಹ್ಮಣರಿಂದ ಯಾವ ಕರ್ಮವನ್ನೂ ಮಾಡಿಸುವುದಿಲ್ಲ, ಕುಡಿಯುವುದಿಲ್ಲ. ಇವು ವಿಹಾರದ ನಿಯಮಗಳಲ್ಲ. ಮದುವೆ ಚಪ್ಪರದಲ್ಲಿ, ಮಸಣದಲ್ಲಿ, ಸಂಬಳದ ದಿನ ಸಂಜೆ ಪಾಲಿಸಬೇಕಾದವು. ಎರಡು ತಿಂಗಳೊಳಗೆ, ಡಿಸೆಂಬರ್ ೬ರಂದು ಬಾಬಾಸಾಹೇಬರು ತೀರಿಕೊಂಡರು. ಉಳಿದದ್ದನ್ನು ಜನರೇ ಕಟ್ಟಿಕೊಳ್ಳಬೇಕಾಯಿತು. ೧೯೫೧ರ ಜನಗಣತಿಯಲ್ಲಿ ಸುಮಾರು ೧.೮ ಲಕ್ಷವಿದ್ದ ಭಾರತದ ಬೌದ್ಧರು ೧೯೬೧ಕ್ಕೆ ೩೨ ಲಕ್ಷ ದಾಟಿದರು.

ಇದೆಲ್ಲ ನಮಗೆ ಮಹಾರಾಷ್ಟ್ರದಿಂದ ಬಂದದ್ದು ಎನ್ನುವವರು ಕೋಲಾರದ ಚಿನ್ನದ ಗಣಿಯನ್ನು ಮರೆತಿದ್ದಾರೆ. ಅಯೋತಿದಾಸ ಪಂಡಿತರು ೧೮೯೮ರಲ್ಲಿ ಮದ್ರಾಸಿನಲ್ಲಿ ಕಟ್ಟಿದ ಶಾಕ್ಯ ಬೌದ್ಧ ಸಂಘ ಮಾರಿಕುಪ್ಪಂಗೂ ಹಬ್ಬಿತ್ತು. ಗಣಿಯಲ್ಲಿ ದುಡಿಯುತ್ತಿದ್ದ ತಮಿಳು ದಲಿತರು ನಾಗಪುರಕ್ಕಿಂತ ದಶಕಗಳ ಮೊದಲೇ ಬುದ್ಧನನ್ನು ತಮ್ಮವನೆಂದು ಕರೆದಿದ್ದರು.

ಪ್ರಭುತ್ವ ಮಾತ್ರ ಬೇರೆ ಲೆಕ್ಕ ಇಟ್ಟಿತು. ೧೯೯೦ರ ತಿದ್ದುಪಡಿಯವರೆಗೂ ‘ಬೌದ್ಧ’ ಎಂದು ಬರೆಸಿದರೆ ಕೇಂದ್ರದ ಪರಿಶಿಷ್ಟ ಜಾತಿ ಮೀಸಲಾತಿ ಇರಲಿಲ್ಲ. ಮನೆಯಲ್ಲಿ ಬುದ್ಧ, ಸರ್ಟಿಫಿಕೇಟಿನಲ್ಲಿ ಹಿಂದೂ ಎಂಬ ಇಬ್ಬಂದಿತನವನ್ನು ಹುಟ್ಟಿಸಿದ್ದು ಈ ಕಾನೂನು. ಅದನ್ನು ದಲಿತರ ಅಪ್ರಾಮಾಣಿಕತೆ ಎಂದು ಆಡಿಕೊಳ್ಳುವ ವಿಮರ್ಶೆಗೆ ಚರಿತ್ರೆಯೇ ಗೊತ್ತಿಲ್ಲ.

ಹಾಗೆಂದು ನಮ್ಮನ್ನು ನಾವು ಬಿಟ್ಟುಕೊಳ್ಳುವಂತಿಲ್ಲ. ಗೋಡೆ ಮೇಲಿನ ಫೋಟೋ ಬದಲಾಯಿಸೋದು ಸುಲಭ. ಮನೆಯಲ್ಲಿ ಸಾವಾದಾಗ ಯಾರನ್ನು ಕರೀತೀವಿ, ಮಗಳ ಮದುವೆಗೆ ಯಾವ ಜಾತಿ ಹುಡುಕ್ತೀವಿ? ಧಮ್ಮದ ಚರಿತ್ರೆ ಬರೆಯಬೇಕಾದ್ದು ಅಲ್ಲಿಂದ.