ಆ ‘ಸಿ’ ಅಂದ್ರೆ ಎಂತ ಮಾಷ್ಟ್ರೇ?

ಮೊನ್ನೆ ಕಾಣಿಯೂರಿಗೆ ಹೋಗಿದ್ದೆ. ಪುತ್ತೂರಿನಿಂದ ಸವಣೂರು ದಾಟಿ ಬರುವ ಬಸ್ಸಿನಿಂದ ಇಳಿದು, ಮನೆಗೆ ಹೋಗುವ ಮೊದಲು ಒಂದು ಚಾ ಕುಡಿಯೋಣ ಅಂತ ಹೋಟೆಲಿಗೆ ನುಗ್ಗಿದೆ. ಪಕ್ಕದ ಬೆಂಚಿನಲ್ಲಿ ಅಪ್ಪ, ಮಗ. ಇಬ್ಬರೂ ಒಂದೇ ಮೊಬೈಲಿಗೆ ತಲೆ ಬಗ್ಗಿಸಿ ಯಾವುದೋ ಕಾಲೇಜಿನ ಪ್ರಾಸ್ಪೆಕ್ಟಸ್ ನೋಡುತ್ತಿದ್ದರು. "ಇಲ್ಲಿ ಡಿ.ಎಸ್.ಸಿ. ಅಂತ ಉಂಟಲ್ಲ, ಅದು ಎಂತದು?" ಅಂತ ಅಪ್ಪ ಕೇಳಿದರು. ಮಗ ತಲೆ ಕೆರೆದುಕೊಂಡು, "ಗೊತ್ತಿಲ್ಲ ಅಪ್ಪ, ಅಲ್ಲಿ ಹೋದ ಮೇಲೆ ಗೊತ್ತಾಗ್ತದೆ" ಅಂದ.

ನನಗೆ ಚಾ ಗಂಟಲಲ್ಲಿ ಇಳಿಯಲಿಲ್ಲ. ಯಾಕೆ ಅಂತ ಹೇಳಬೇಕಾದರೆ ಹಳೆಯ ತಪ್ಪೊಂದನ್ನು ಒಪ್ಪಿಕೊಳ್ಳಬೇಕು.

2008ರಲ್ಲಿ ನಾನು ನಮ್ಮ ಕಡೆಯ ಒಂದು ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕ. ಕನ್ನಡದಲ್ಲಿ ನಾಲ್ಕು ಸಾಲು ಬರೆಯುತ್ತಾನೆ ಅನ್ನುವ ಕಾರಣಕ್ಕೆ ಆ ವರ್ಷದ ಪ್ರವೇಶ ಪುಸ್ತಿಕೆಯ ಕನ್ನಡ ಪುಟ ನನ್ನ ತಲೆಗೆ ಬಂತು. ಬಿ.ಎಸ್ಸಿ. ಅಂತ ಬರೆದು ಕೆಳಗೆ ಪಿ.ಸಿ.ಎಂ., ಪಿ.ಎಂ.ಸಿ., ಸಿ.ಬಿ.ಝಡ್. ಅಂತ ಹಾಕಿ ಮುಗಿಸಿದೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಮಾತಾಡುವುದೇ ಹಾಗೆ. ಬಿಡಿಸಿ ಬರೆಯಬೇಕು ಅಂತ ಹೊಳೆಯಲೇ ಇಲ್ಲ.

ಕಾಣಿಯೂರು ಕಡೆಯ ಒಬ್ಬಳು ಹುಡುಗಿ ಬಂದಳು. ಅವಳಿಗೆ ಕೆಮಿಸ್ಟ್ರಿಯ ಹುಚ್ಚು, ಎಂ.ಎಸ್ಸಿ. ಕೂಡ ಅದರಲ್ಲೇ ಮಾಡಬೇಕು ಅಂತ. ಕೌಂಟರಿನಲ್ಲಿ "ಪಿ.ಸಿ.ಎಂ. ತುಂಬಿತು, ಪಿ.ಎಂ.ಸಿ. ಉಂಟು" ಅಂದರಂತೆ. ಅವಳು ಅದನ್ನು ‘ಎ’ ಸೆಕ್ಷನ್ ಇಲ್ಲದಿದ್ದರೆ ‘ಬಿ’ ಸೆಕ್ಷನ್ ಅನ್ನುವ ಹಾಗೆ ತಿಳಿದುಕೊಂಡಳು. ಅದೇ ಮೂರು ಅಕ್ಷರ, ಸ್ವಲ್ಪ ಹಿಂದುಮುಂದು. ಫೀಸು ಕಟ್ಟಿ ಹೋದಳು. ಮೊದಲ ವಾರದ ಟೈಮ್‌ಟೇಬಲ್‌ನಲ್ಲಿ ಕೆಮಿಸ್ಟ್ರಿ ಇಲ್ಲ, ಕಂಪ್ಯೂಟರ್ ಉಂಟು! ಅವಳ ಅಪ್ಪ ಪುಸ್ತಿಕೆ ಹಿಡಿದುಕೊಂಡು ನನ್ನ ಹತ್ತಿರ ಬಂದು ಬೆರಳಿಟ್ಟು ಕೇಳಿದರು, "ಆ ‘ಸಿ’ ಅಂದ್ರೆ ಎಂತ ಮಾಷ್ಟ್ರೇ?"

ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ. ತನಗೇ ಗೊತ್ತಿರಬೇಕಿತ್ತೇನೋ ಅನ್ನುವ ನಾಚಿಕೆ ಇತ್ತು. ಅಷ್ಟರಲ್ಲಿ ಅವರಿಗೆ ಹತ್ತಿರದ ಕಾಲೇಜುಗಳಲ್ಲೂ ಸೀಟು ಮುಗಿದಿತ್ತು.

ಅಂದಿನಿಂದ ನನಗೊಂದು ಪ್ರಶ್ನೆ ಅಂಟಿಕೊಂಡಿದೆ. ಈ ಪಠ್ಯವಿವರಣೆ ಅಂತ ನಾವು ಬರೆಯುತ್ತೇವಲ್ಲ, ಅದು ಇಷ್ಟು ವರ್ಷ ಯಾರಿಗಾಗಿ ಬರೆದದ್ದು? ಇತಿಹಾಸದ ಮೇಷ್ಟ್ರ ಚಟ, ಹಿಂದಕ್ಕೆ ಹೋಗಿ ಹುಡುಕಿದೆ.

1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿದವು. ನಮ್ಮ ದಕ್ಷಿಣ ಕನ್ನಡ ಮದ್ರಾಸಿನ ಪಾಲಿಗಿತ್ತು. ಆಗ ಇವು ಪಾಠ ಹೇಳುವ ಜಾಗಗಳಲ್ಲ. ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಪರೀಕ್ಷೆ ಮಾಡಿ ಪದವಿ ಕೊಡುವ ಸಂಸ್ಥೆಗಳು. ಪಾಠ ಕಾಲೇಜಿನ ಕೆಲಸ. ಮದ್ರಾಸು ವಿಶ್ವವಿದ್ಯಾಲಯ ‘ಕ್ಯಾಲೆಂಡರ್’ ಅಂತ ಒಂದು ದಪ್ಪ ಪುಸ್ತಕ ಹೊರತರುತ್ತಿತ್ತು. ಗೋಡೆಗೆ ನೇತು ಹಾಕುವುದಲ್ಲ ಮಾರಾಯ್ರೆ! ನಿಯಮಗಳು, ಗೊತ್ತುಪಡಿಸಿದ ಪುಸ್ತಕಗಳು, ಪ್ರಶ್ನೆಪತ್ರಿಕೆಗಳು, ಪಾಸಾದವರ ಹೆಸರುಗಳು, ಎಲ್ಲ ಅದರಲ್ಲಿ. ಒಂದು ವಿಷಯದಲ್ಲಿ ಏನು ಕೇಳುತ್ತಾರೆ ಅಂತ ಅದರಿಂದ ಗೊತ್ತಾಗುತ್ತಿತ್ತು. ಏನು ಕಲಿಯುತ್ತೇನೆ, ಅದು ನನಗೆ ಆಗುತ್ತದೆಯೇ ಅನ್ನುವುದು ಗೊತ್ತಾಗುತ್ತಿರಲಿಲ್ಲ. 1868ರ ಮಂಗಳೂರಿನ ಸರಕಾರಿ ಕಾಲೇಜು, 1880ರ ಸೇಂಟ್ ಅಲೋಶಿಯಸ್ ಕಾಲೇಜು ಇದೇ ಮದ್ರಾಸು ವ್ಯವಸ್ಥೆಯೊಳಗೆ ಬೆಳೆದವು.

ಅದೇ ಹೊತ್ತಿಗೆ ಅಮೆರಿಕದಲ್ಲಿ ಬೇರೆ ಕಥೆ. 1869ರಲ್ಲಿ ಹಾರ್ವರ್ಡಿನ ಅಧ್ಯಕ್ಷರಾದ ಚಾರ್ಲ್ಸ್ ಎಲಿಯಟ್ ನಲವತ್ತು ವರ್ಷ ಆ ಕುರ್ಚಿಯಲ್ಲಿದ್ದು, ವಿದ್ಯಾರ್ಥಿ ತನಗೆ ಬೇಕಾದ ವಿಷಯ ಆರಿಸಿಕೊಳ್ಳುವ ಪದ್ಧತಿಯನ್ನು ಗಟ್ಟಿ ಮಾಡಿದರು. ಆರಿಸಬೇಕಾದರೆ ಮೊದಲು ತಿಳಿಯಬೇಕಲ್ಲ? ಅಂಥಲ್ಲಿ ವಿವರಣೆ ಬೇಕೇ ಬೇಕಾಗುತ್ತದೆ. ಮದುವೆಯೂಟದಲ್ಲಿ ಬಡಿಸಿದ್ದನ್ನು ಉಣ್ಣುವವನಿಗೆ ಮೆನು ಯಾಕೆ? ಹೋಟೆಲಿಗೆ ಹೋದವನಿಗೆ ಬೇಕು.

ನಮ್ಮದು ಬಹಳ ಕಾಲ ಮದುವೆಯೂಟವೇ. 1956ರಲ್ಲಿ ಜಿಲ್ಲೆ ಮದ್ರಾಸು ಬಿಟ್ಟು ಬಂತು. ಮುಂದೆ ಇಲ್ಲಿನ ಕಾಲೇಜುಗಳು ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದವು, 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯವೇ ಆಯಿತು. ಬೋರ್ಡು ಬದಲಾಯಿತು, ಎಲೆ ಬದಲಾಗಲಿಲ್ಲ. ಮೂರು ವಿಷಯಗಳ ಕಟ್ಟು, ಅದಕ್ಕೊಂದು ಅಕ್ಷರದ ಹೆಸರು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಸೇರಿದರೆ ಎಚ್.ಇ.ಪಿ. ಅಣ್ಣ ಓದಿದ್ದನ್ನು ತಮ್ಮ ಓದುತ್ತಿದ್ದ, ಇಲ್ಲದಿದ್ದರೆ ಪಕ್ಕದ ಮನೆಯವನನ್ನು ಕೇಳುತ್ತಿದ್ದ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತುವವರು ಯಾರನ್ನು ಕೇಳಬೇಕು?

ಕನ್ನಡಕ್ಕೆ ಯಾರೂ ದುಡಿಯಲಿಲ್ಲ ಅಂತಲ್ಲ. ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲೇ ಬಂತು. ಕುವೆಂಪು ಕುಲಪತಿಗಳಾಗಿದ್ದಾಗ (1956ರಿಂದ 60) ಕನ್ನಡ ಮಾಧ್ಯಮದ ಪರ ಗಟ್ಟಿಯಾಗಿ ನಿಂತರು. ಪಠ್ಯಪುಸ್ತಕ ಕನ್ನಡಕ್ಕೆ ಬಂತು, ಪ್ರಶ್ನೆಪತ್ರಿಕೆಯೂ ಬಂತು. ಆದರೆ ನಾನು ಕಂಡ ಕಾಲೇಜುಗಳಲ್ಲಿ ಬಾಗಿಲ ಹತ್ತಿರದ ಕಾಗದ ಮಾತ್ರ ಇಂಗ್ಲಿಷಿನಲ್ಲೇ ಉಳಿಯಿತು, ಅಥವಾ ನಾನು ಬರೆದ ಹಾಗೆ ಕನ್ನಡ ಲಿಪಿಯ ಇಂಗ್ಲಿಷಿನಲ್ಲಿ.

ಆಮೇಲೆ ಹೊಸ ಓದುಗರು ಬಂದರು. 1994ರಲ್ಲಿ ನ್ಯಾಕ್ ಶುರುವಾಯಿತು. ಕಾಲೇಜಿಗೆ ಗ್ರೇಡು ಕೊಡುವವರು ಬರುತ್ತಾರೆ ಅಂದ ಮೇಲೆ ಕಡತಗಳೂ ಅವರಿಗೆ ತಕ್ಕಂತೆ ತಯಾರಾಗತೊಡಗಿದವು. ‘ಕಲಿಕೆಯ ಫಲಿತಾಂಶ’ ಅನ್ನುವ ಕಲಂ ಬಂತು. ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಕಲಿಕೆಯ ಗುರಿಗಳನ್ನು ವಿಂಗಡಿಸಿ ಪ್ರಕಟಿಸಿದ್ದರಲ್ಲ, ಅಲ್ಲಿಂದ ಎತ್ತಿದ ಕ್ರಿಯಾಪದಗಳು: ವಿದ್ಯಾರ್ಥಿಯು ಅರಿಯುವನು, ಅನ್ವಯಿಸುವನು, ವಿಶ್ಲೇಷಿಸುವನು... ಇತಿಹಾಸಕ್ಕೂ ಅದೇ, ಪ್ರಾಣಿಶಾಸ್ತ್ರಕ್ಕೂ ಅದೇ. ಬ್ಲೂಮ್ ಬರೆದದ್ದು ಪರೀಕ್ಷೆ ಮಾಡುವವರಿಗೆ, ಕಲಿಸುವವರಿಗೆ. ಕಾಣಿಯೂರಿನ ಅಪ್ಪನಿಗೆ ಅಲ್ಲ.

2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಕರ್ನಾಟಕದಲ್ಲಿ ಜಾರಿಗೆ ಬಂದು ಒಮ್ಮೆಲೇ ಆಯ್ಕೆಗಳ ರಾಶಿ ಬಿತ್ತು. ವರ್ಷಕ್ಕೊಂದು ಸರ್ಟಿಫಿಕೇಟು, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್. 2024ರ ಮೇ ತಿಂಗಳಲ್ಲಿ ರಾಜ್ಯ ಸರಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಯಾವುದು ಸರಿ ಅನ್ನುವ ಜಗಳ ಇಲ್ಲಿ ಬೇಡ. ಮೂರೇ ವರ್ಷದಲ್ಲಿ ಎರಡು ಸಲ ಊಟದ ಕ್ರಮ ಬದಲಾಯಿತು. ಅಣ್ಣನನ್ನು ಕೇಳಿದರೆ ತಮ್ಮನಿಗೆ ಉತ್ತರ ಸಿಗದ ಕಾಲ ಇದು. ವಿವರಣೆ ಬೇಕಾದದ್ದು ಈಗಲೇ, ನಾವು ಕೊಟ್ಟದ್ದು ಇನ್ನಷ್ಟು ಅಕ್ಷರಗಳನ್ನು.

ಹಾಗಾದರೆ ಸರಿಯಾಗಿ ಬರೆಯುವುದು ಹೇಗೆ? ತಮಾಷೆ ಅಂದರೆ ಉತ್ತರ ನಮ್ಮ ಕಾಲಬುಡದಲ್ಲೇ ಇತ್ತು. ಉಡುಪಿಯ ಅಷ್ಟಮಠಗಳಲ್ಲಿ ಒಂದಕ್ಕೆ ನಮ್ಮ ಕಾಣಿಯೂರಿನದೇ ಹೆಸರು. ಅಂಥ ಮಠಗಳಲ್ಲಿ ಓದುವ ಸಂಸ್ಕೃತ ಶಾಸ್ತ್ರಗ್ರಂಥಗಳಿಗೆ ಒಂದು ಹಳೆಯ ಕಟ್ಟಳೆ ಉಂಟು, ಅನುಬಂಧ ಚತುಷ್ಟಯ ಅಂತ. ಗ್ರಂಥ ಶುರುವಾಗುವಾಗಲೇ ನಾಲ್ಕು ಸಂಗತಿ ಸ್ಪಷ್ಟವಾಗಬೇಕು. ವಿಷಯ, ಅಂದರೆ ಇದರಲ್ಲಿ ಏನಿದೆ. ಪ್ರಯೋಜನ, ಓದಿದರೆ ಏನು ಸಿಗುತ್ತದೆ. ಅಧಿಕಾರಿ, ಯಾರು ಓದಬಹುದು. ಸಂಬಂಧ, ಈ ಗ್ರಂಥಕ್ಕೂ ಆ ವಿಷಯಕ್ಕೂ ಏನು ನಂಟು. ಇದಕ್ಕಿಂತ ಚೆನ್ನಾದ ಪ್ರಾಸ್ಪೆಕ್ಟಸ್ ಸೂತ್ರ ನಾನು ಕಂಡಿಲ್ಲ.

‘ಅಧಿಕಾರಿ’ ಅನ್ನುವ ಆ ಮಾತೇ ಜಾತಿ, ಲಿಂಗದ ಹೆಸರಿನಲ್ಲಿ ಎಷ್ಟೋ ಜನರನ್ನು ಹೊರಗಿಟ್ಟದ್ದೂ ನಿಜ. ಅದನ್ನು ಮರೆತು ಹಳೆಯದನ್ನು ಹೊಗಳಲಾರೆ. ಆದರೆ ಅಲ್ಲಿ ಬಾಗಿಲು ಮುಚ್ಚಿದೆ ಅಂತ ಹೇಳಿ ಮುಚ್ಚುತ್ತಿದ್ದರು. ನಾನು ಬಾಗಿಲು ತೆರೆದೇ ಇದೆ ಅಂತ ತೋರಿಸಿ, ಯಾವ ಕೋಣೆ ಅಂತ ಹೇಳದೆ ಒಳಗೆ ಕಳಿಸಿದೆ.

ಚಾ ಕುಡಿದು ಮನೆಗೆ ಹೋದವನು ಹಳೆಯ ಪುಸ್ತಿಕೆ ಹುಡುಕಿ ತೆಗೆದು ಆ ಒಂದು ಸಾಲನ್ನು ಮತ್ತೆ ಬರೆದೆ:

"ಪಿ.ಎಂ.ಸಿ.: ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ವಿಜ್ಞಾನ. ಮೂರು ವರ್ಷ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ಗಣಿತ ಓದಿರಬೇಕು. ಇದರಲ್ಲಿ ರಸಾಯನಶಾಸ್ತ್ರ ಇಲ್ಲ. ಮುಂದೆ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುವ ಆಸೆ ಇದ್ದವರು ಇದನ್ನು ಆರಿಸಬೇಡಿ."

ಇಷ್ಟೇ. ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ‘ಇಲ್ಲ’ ಅನ್ನುವ ವಾಕ್ಯ. ಯಾವ ಪ್ರಾಸ್ಪೆಕ್ಟಸ್ಸೂ ತನ್ನಲ್ಲಿ ಇಲ್ಲದ್ದನ್ನು ಹೇಳುವುದಿಲ್ಲ, ಮಕ್ಕಳು ಎಡವುವುದು ಅಲ್ಲೇ.

ಆ ಹುಡುಗಿ ಮೂರು ವರ್ಷ ಮುಗಿಸಿದಳು. ಕಂಪ್ಯೂಟರಿನಿಂದಲೇ ಕೆಲಸವೂ ಸಿಕ್ಕಿತು, "ಒಳ್ಳೇದೇ ಆಯ್ತಲ್ಲ ಮಾಷ್ಟ್ರೇ" ಅಂತ ಅವಳ ಅಪ್ಪ ಒಮ್ಮೆ ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಾಗ ಹೇಳಿದರು. ಇರಬಹುದು. ಆದರೆ ಅವಳು ಅದನ್ನು ಆರಿಸಿರಲಿಲ್ಲ.

ಹೋಟೆಲಿನ ಕಥೆ ಹೇಳುವುದು ಬಾಕಿ ಉಳಿಯಿತು. ಏಳುವ ಮೊದಲು ನಾನೇ ಆ ಬೆಂಚಿಗೆ ಹೋಗಿ ಕೂತೆ. ಡಿ.ಎಸ್.ಸಿ. ಅಂದರೆ ಅವನು ಆರಿಸಿದ ವಿಷಯದ್ದೇ ಮುಖ್ಯ ಪಾಠಗಳು ಅಂತ ಹೇಳಿದೆ. ಅಪ್ಪ ಒಮ್ಮೆ ನನ್ನನ್ನು, ಒಮ್ಮೆ ಮೊಬೈಲನ್ನು ನೋಡಿ, "ಅಷ್ಟೇಯಾ? ಹಾಗೇ ಬರೆಯಬಹುದಿತ್ತಲ್ಲ ಇವರಿಗೆ!" ಅಂದರು.

ಬರೆಯಬಹುದಿತ್ತು. ನಿಮ್ಮಲ್ಲಿ ಮೇಷ್ಟ್ರುಗಳು ಬಹಳ ಜನ ಇದ್ದೀರಿ ಅಂತ ಗೊತ್ತು. ಈ ಸಲ ಪ್ರವೇಶ ಪುಸ್ತಿಕೆ ನಿಮ್ಮ ಕೈಗೆ ಬಂದರೆ, ಅಚ್ಚಿಗೆ ಕಳಿಸುವ ಮೊದಲು ಕಾಲೇಜಿನ ಗೇಟಿನ ಹೊರಗಿರುವ ಯಾರಾದರೂ ಒಬ್ಬರ ಹತ್ತಿರ ಓದಿಸಿ ನೋಡಿ.