ಹಿಮದ ಇಳಿಜಾರಿನಲ್ಲಿ ಕೇಳುವ ದನಿ

ಹಿಮದ ಬೆಟ್ಟದಲ್ಲಿ ಮಾತು ಬಹಳ ದೂರ ಹೋಗುವುದಿಲ್ಲ. ಆಗಷ್ಟೇ ಬಿದ್ದ ಹಿಮ ಹತ್ತಿಯ ರಾಶಿಯಂತೆ ಸದ್ದನ್ನು ನುಂಗುತ್ತದೆ. ಉಳಿದದ್ದನ್ನು ಗಾಳಿ ಹೊತ್ತೊಯ್ಯುತ್ತದೆ. ಜಾರುತ್ತಿರುವವನ ಕಿವಿಗೆ ಮಂಡೆಯ ಟೋಪಿ, ಅದರ ಮೇಲೆ ಹೆಲ್ಮೆಟ್ಟು, ಕಾಲಡಿಯಲ್ಲಿ ಹಲಗೆ ಉಜ್ಜುವ ಸದ್ದು ಬೇರೆ. ಮೂವತ್ತು ಮೀಟರ್ ಮುಂದಿರುವ ಗೆಳೆಯನನ್ನು ಕೂಗಿ ನಿಲ್ಲಿಸುವುದೂ ಕಷ್ಟ. ಇಂದು ಸ್ಕೀಯಿಂಗ್‌ಗೆ, ಸ್ನೋಬೋರ್ಡಿಂಗ್‌ಗೆ ಹೋಗುವವರು ಹೆಲ್ಮೆಟ್ಟಿನ ಕಿವಿಪಟ್ಟಿಯೊಳಗೆ ಬಿಸ್ಕತ್ತಿನಷ್ಟು ದೊಡ್ಡ ಇಂಟರ್‌ಕಾಮ್ ಒಂದನ್ನು ಸಿಕ್ಕಿಸಿಕೊಂಡು ಹೊರಡುತ್ತಾರೆ. ಅಂಗಡಿಯಲ್ಲಿ ಹತ್ತಾರು ಬಗೆಯವು ಸಿಗುತ್ತವೆ. ಯಾವುದನ್ನು ಕೊಳ್ಳಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಹೊರಟರೆ ಒಂದು ಸೊಗಸಾದ ಚರಿತ್ರೆ ತೆರೆದುಕೊಳ್ಳುತ್ತದೆ.

ಆ ಚರಿತ್ರೆ ಮಾತಿಲ್ಲದ ಒಂದು ದಾರದಿಂದ ಶುರುವಾಗುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಲ್ಪ್ಸ್ ಪರ್ವತಗಳಲ್ಲಿ ಓಡಾಡುವವರು ಸೊಂಟಕ್ಕೆ ಉದ್ದನೆಯ ಕೆಂಪು ದಾರವೊಂದನ್ನು ಕಟ್ಟಿಕೊಂಡು ಹಿಂದೆ ಎಳೆದುಕೊಂಡು ಹೋಗುತ್ತಿದ್ದರು. ಹಿಮಕುಸಿತವಾಗಿ ಮನುಷ್ಯ ಹೂತುಹೋದರೂ ಹಗುರವಾದ ದಾರದ ಒಂದು ತುದಿಯಾದರೂ ಮೇಲೆ ಉಳಿದೀತು, ಅದನ್ನು ಹಿಡಿದು ಅಗೆದರೆ ಅವನು ಸಿಕ್ಕಾನು ಎಂಬ ಆಸೆ. ‘ನಾನು ಇಲ್ಲಿದ್ದೇನೆ’ ಎಂದು ಹೇಳಲು ಆ ಕಾಲಕ್ಕೆ ಇದ್ದ ಉಪಾಯ ಅದೊಂದೇ. ದಾರವೂ ಪೂರ್ತಿ ಹೂತುಹೋಗುತ್ತಿದ್ದುದು ಅಪರೂಪವೇನಲ್ಲ.

ಬೆಟ್ಟಕ್ಕೆ ದನಿ ಬಂದದ್ದು ಗಣಿಗಾರಿಕೆ ಮತ್ತು ಯುದ್ಧದ ದಾರಿಯಲ್ಲಿ. ಕೆನಡಾದ ಡೊನಾಲ್ಡ್ ಹಿಂಗ್ಸ್ 1937ರಲ್ಲಿ ಹೊತ್ತೊಯ್ಯಬಹುದಾದ ರೇಡಿಯೋ ಒಂದನ್ನು ಕಟ್ಟಿದರು. ಗಣಿ ಕಂಪೆನಿಯ ಕೆಲಸಕ್ಕಾಗಿ ದಟ್ಟ ಕಾಡಿನ ಮೇಲೆ ಹಾರುವವರು ಎಲ್ಲಿಯೋ ಇಳಿಯಬೇಕಾಗಿ ಬಂದರೆ ಮಾತಾಡಲು ಅದು ಬೇಕಿತ್ತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಬೆನ್ನ ಮೇಲೆ ಎಸ್‌ಸಿಆರ್-300 ಎಂಬ ಪೆಟ್ಟಿಗೆ ಬಂತು. ತೂಕ ಸುಮಾರು ಹದಿನೈದು ಕಿಲೋ. ಮೊದಲು ‘ವಾಕಿ-ಟಾಕಿ’ ಎಂದು ಹೆಸರಾದದ್ದು ಈ ಬೆನ್ನಿನ ಪೆಟ್ಟಿಗೆಯೇ. ಕೈಯಲ್ಲಿ ಹಿಡಿಯುವಂಥದ್ದನ್ನು ‘ಹ್ಯಾಂಡಿ-ಟಾಕಿ’ ಎನ್ನುತ್ತಿದ್ದರು. ಆಗ ಹೊರುವುದಕ್ಕೆ ಬೆನ್ನು ಬೇಕಿದ್ದ ಯಂತ್ರ ಈಗ ಕಿವಿಯ ಪಕ್ಕ ಕೂತಿದೆ.

ಅದೇ ಯುದ್ಧಕಾಲದಲ್ಲಿ ಇನ್ನೊಂದು ಬೀಜವೂ ಬಿತ್ತು. ವಿಯೆನ್ನಾದಲ್ಲಿ ಹುಟ್ಟಿ ಹಾಲಿವುಡ್ಡಿನಲ್ಲಿ ತಾರೆಯಾಗಿದ್ದ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ 1942ರ ಆಗಸ್ಟ್‌ನಲ್ಲಿ ಒಂದು ಪೇಟೆಂಟ್ ಪಡೆದರು. ಟಾರ್ಪಿಡೋಗೆ ಕಳಿಸುವ ರೇಡಿಯೋ ಸಂಕೇತ ಒಂದೇ ತರಂಗಾಂತರದಲ್ಲಿ ನಿಲ್ಲದೆ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತಿದ್ದರೆ ಶತ್ರು ಅದನ್ನು ಕೆಡಿಸಲಾರ ಎಂಬುದು ಅದರ ತಿರುಳು. ಪಿಯಾನೋದ ಮನೆಗಳಷ್ಟೇ, ಅಂದರೆ 88 ತರಂಗಾಂತರಗಳನ್ನು ಅವರು ಲೆಕ್ಕ ಹಾಕಿದ್ದರು. ನೌಕಾಪಡೆ ಆಗ ಅದನ್ನು ಬಳಸಲಿಲ್ಲ. ಇದೇ ಜಿಗಿತದ ತತ್ವವನ್ನು ಹಲವರು ಹಲವು ಕಡೆ ಬೆಳೆಸಿದರು. ಸ್ವೀಡನ್ನಿನ ಎರಿಕ್ಸನ್ ಕಂಪೆನಿಯಲ್ಲಿ 1994ರಲ್ಲಿ ಶುರುವಾದ ಕೆಲಸ 1998ರ ಹೊತ್ತಿಗೆ ಬ್ಲೂಟೂತ್ ಎಂಬ ಹೆಸರು ಪಡೆಯಿತು. ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡ್‌ನ ಅಡ್ಡಹೆಸರು ಅದು. ಈ ಬ್ಲೂಟೂತ್ 79 ವಾಹಿನಿಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿಯುತ್ತದೆ. ನೂರಾರು ಜನರ ಫೋನುಗಳು ಒಟ್ಟಿಗೆ ಗುನುಗುವ ಕೇಬಲ್ ಕಾರಿನ ನಿಲ್ದಾಣದಲ್ಲೂ ನಿಮ್ಮ ಗೆಳತಿಯ ಮಾತು ನಿಮಗೆ ಸ್ಪಷ್ಟವಾಗಿ ಕೇಳುವುದು ಇದರಿಂದ.

ಆದರೆ ದನಿ ಕೂರಬೇಕಾದರೆ ಹೆಲ್ಮೆಟ್ ಇರಬೇಕಷ್ಟೆ. ಬಹಳ ಕಾಲ ಸ್ಕೀಯಿಂಗ್‌ನಲ್ಲಿ ಹೆಲ್ಮೆಟ್ ಪಂದ್ಯದವರ ಸೊತ್ತಾಗಿತ್ತು. ಉಳಿದವರದು ಉಣ್ಣೆಯ ಟೋಪಿ. 1997ರ ಡಿಸೆಂಬರ್ ಕೊನೆಯ ದಿನ ಮೈಕೆಲ್ ಕೆನಡಿ, ಅದಾದ ಒಂದೇ ವಾರದೊಳಗೆ ಗಾಯಕ ಹಾಗೂ ಸಂಸದ ಸಾನಿ ಬೋನೋ, ಇಬ್ಬರೂ ಅಮೆರಿಕದಲ್ಲಿ ಮರಕ್ಕೆ ಬಡಿದು ಸತ್ತರು. 2009ರಲ್ಲಿ ಕೆನಡಾದ ಇಳಿಜಾರಿನಲ್ಲಿ ಬಿದ್ದ ನಟಿ ನತಾಶಾ ರಿಚರ್ಡ್‌ಸನ್ ತಲೆಯ ಪೆಟ್ಟಿನಿಂದ ತೀರಿಕೊಂಡರು. ಇಂಥ ಸುದ್ದಿಗಳ ಜೊತೆ ಜೊತೆಗೆ ಹೆಲ್ಮೆಟ್ ಎಲ್ಲರ ತಲೆಗೂ ಬಂತು. ಹೆಲ್ಮೆಟ್ಟಿನ ಒಳಗೆ ಸ್ಪೀಕರ್ ಇಡುವ ವಿದ್ಯೆ ಮಾತ್ರ ಮೋಟಾರ್ ಬೈಕಿನವರಿಂದ ಬಂದದ್ದು. ಸೇನಾ, ಕಾರ್ಡೋ ಎಂಬ ಹೆಸರುಗಳನ್ನು ನಮ್ಮ ಬೈಕ್ ಸವಾರರೂ ಬಲ್ಲರು.

ಇಷ್ಟೆಲ್ಲ ಸೇರಿ ತಯಾರಾದದ್ದು ಒಂದು ಆಟದ ಸಾಮಾನೇ? ಹಾಗನ್ನಿಸಿದವರು ಕುರುಡು ಸ್ಕೀಯರುಗಳ ಕತೆ ಕೇಳಬೇಕು. ನಾರ್ವೆಯ ಅಂಧ ಸಂಗೀತಗಾರ ಎರ್ಲಿಂಗ್ ಸ್ಟೋರ್ಡಾಲ್ 1964ರಲ್ಲಿ ಬೈಟೋಸ್ಟೋಲೆನ್ ಎಂಬಲ್ಲಿ ಕಣ್ಣು ಕಾಣದವರಿಗಾಗಿ ಸ್ಕೀ ಓಟವನ್ನು ಆರಂಭಿಸಿದರು. ಪ್ಯಾರಾಲಿಂಪಿಕ್ಸಿನ ಆಲ್ಪೈನ್ ಸ್ಪರ್ಧೆಗಳಲ್ಲಿ ದೃಷ್ಟಿದೋಷವಿರುವ ಸ್ಪರ್ಧಿಯ ಮುಂದೆ ಒಬ್ಬ ಮಾರ್ಗದರ್ಶಿ ಜಾರುತ್ತಾನೆ ಅಥವಾ ಜಾರುತ್ತಾಳೆ. ಇಬ್ಬರ ಹೆಲ್ಮೆಟ್ಟುಗಳ ನಡುವೆ ಇರುವುದು ಬರಿಯ ಮಾತು: ತಿರುಗು, ಕಡಿದು, ಸಪಾಟು, ಮಂಜುಗಡ್ಡೆ. 2014ರ ಮಾರ್ಚ್‌ನಲ್ಲಿ ಸೋಚಿಯಲ್ಲಿ ಕೆಲ್ಲಿ ಗ್ಯಾಲಹರ್ ತನ್ನ ಮಾರ್ಗದರ್ಶಿ ಶಾರ್ಲಟ್ ಇವಾನ್ಸ್ ದನಿಯನ್ನು ಹಿಂಬಾಲಿಸಿ ಸೂಪರ್-ಜಿ ಸ್ಪರ್ಧೆಯಲ್ಲಿ ಚಿನ್ನ ಗೆದ್ದರು. ಚಳಿಗಾಲದ ಪ್ಯಾರಾಲಿಂಪಿಕ್ಸಿನಲ್ಲಿ ಬ್ರಿಟನ್ನಿಗೆ ಅದು ಮೊದಲ ಚಿನ್ನ. ಪದಕ ಇಬ್ಬರಿಗೂ ಸಿಗುತ್ತದೆ. ದನಿಗೂ ಪದಕ ಕೊಡುವ ಆಟಗಳು ಬಹಳ ಇಲ್ಲ.

ಈ ಜೋಡಿಗಳ ಲೆಕ್ಕವೇ ಬೇರೆ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತಾರೆ. ಮಾತು ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾದರೂ ಮೂರು ಮೀಟರ್ ದಾಟಿರುತ್ತದೆ. ಸ್ಪೀಕರಿನ ಮಾಧುರ್ಯ, ಹಾಡಿನ ಗುಣಮಟ್ಟ ಇವೆಲ್ಲ ಅಲ್ಲಿ ಗೌಣ. ಮಾತು ಆಡಿದ ಗಳಿಗೆಯಲ್ಲೇ ಕೇಳಬೇಕು, ಗುಂಡಿ ಒತ್ತದೆಯೇ ಕೇಳಬೇಕು, ನಡುವೆ ಕಡಿದುಹೋಗಬಾರದು. ಕೊಳ್ಳುವವರು ಹಿಡಿಯಬಹುದಾದ ಒಳ್ಳೆಯ ಅಳತೆಗೋಲು ಇದೇ ಎಂದು ನನಗನ್ನಿಸುತ್ತದೆ.

ಚರಿತ್ರೆಯ ಇನ್ನೊಂದು ಪುಟ ಅಷ್ಟು ಸಂತೋಷದ್ದಲ್ಲ. 2012ರ ಫೆಬ್ರವರಿ 19ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಟೀವನ್ಸ್ ಪಾಸ್ ಹಿಂಬದಿಯ ಟನಲ್ ಕ್ರೀಕ್ ಎಂಬಲ್ಲಿ ಹದಿನಾರು ಮಂದಿ ನುರಿತ ಸ್ಕೀಯರುಗಳು ಇಳಿಯಲು ಹೊರಟರು. ಹಿಮ ಕುಸಿಯಿತು, ಮೂವರು ಸತ್ತರು. ಪತ್ರಕರ್ತ ಜಾನ್ ಬ್ರ್ಯಾಂಚ್ ಇದನ್ನು ಕುರಿತು ಬರೆದ ದೀರ್ಘ ಲೇಖನಕ್ಕೆ 2013ರ ಪುಲಿಟ್ಜರ್ ಬಂತು. ಗುಂಪು ದೊಡ್ಡದಾಯಿತು, ಇವತ್ತು ಈ ಇಳಿಜಾರು ಸರಿಯಿಲ್ಲ ಎಂದು ಕೆಲವರಿಗೆ ಒಳಗೊಳಗೇ ಅನಿಸಿತ್ತು, ಬಾಯಿಬಿಟ್ಟು ತಡೆದವರಿಲ್ಲ. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ನಮ್ಮ ಗಾದೆ ಅಂಥ ಬೆಟ್ಟದಲ್ಲಿ ತಿರುಗುಮುರುಗಾಗುತ್ತದೆ. ಅಲ್ಲಿ ಆಡದೆ ಉಳಿದ ಮಾತೇ ನಷ್ಟ. ಯಾವ ಯಂತ್ರವೂ ಈ ಸಂಕೋಚವನ್ನು ಕಳೆಯಲಾರದು. ಆದರೂ ಎಲ್ಲರ ಕಿವಿಗೂ ಒಟ್ಟಿಗೆ ತಲುಪುವ ದಾರಿ ಇದ್ದರೆ, ಹಿಂದಿನ ಸಾಲಿನಲ್ಲಿ ನಿಂತ ಅಂಜುಬುರುಕನೂ ಒಂದು ಮಾತು ಆಡಿಯಾನು.

ಹೂತುಹೋದವರನ್ನು ಹುಡುಕುವ ಯಂತ್ರವೇ ಬೇರೆ ಇದೆ. ಅಮೆರಿಕದ ಜಾನ್ ಲಾಟನ್ 1968ರಲ್ಲಿ ರೂಪಿಸಿದ ಆ ಸಾಧನಕ್ಕೆ ನಾರ್ಸ್ ಪುರಾಣದ ಹಿಮದೇವಿ ಸ್ಕಾಡಿಯ ಹೆಸರಿಟ್ಟರು. ಕೆಂಪು ದಾರದ ಕೆಲಸವನ್ನು ಅದು ವಹಿಸಿಕೊಂಡಿತು. ಇಂದು ಜಗತ್ತಿನಾದ್ಯಂತ ಇವು 457 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಹೂತ ಮೇಲಿನ ಮೊದಲ ಹದಿನೈದು ನಿಮಿಷವೇ ಜೀವದ ನಿಮಿಷಗಳು. ಇಂಟರ್‌ಕಾಮ್ ಇದಕ್ಕೆ ಬದಲಿಯಲ್ಲ. ಅಷ್ಟೇ ಅಲ್ಲ, ಹತ್ತಿರವಿದ್ದರೆ ಅಡ್ಡಿಯೂ ಆದೀತು. ಫೋನು, ಇಂಟರ್‌ಕಾಮ್ ಮುಂತಾದ ವಿದ್ಯುನ್ಮಾನ ಸಾಧನಗಳು ಈ ಯಂತ್ರದಿಂದ ಸಾಮಾನ್ಯವಾಗಿ 20 ಸೆಂಟಿಮೀಟರ್, ಹುಡುಕುವಾಗ 50 ಸೆಂಟಿಮೀಟರ್ ದೂರವಿರಬೇಕು ಎಂಬುದು ಬಲ್ಲವರ ನಿಯಮ.

ಇನ್ನು ಆಯ್ಕೆಯ ಮಾತು. ಇಬ್ಬರೇ ಹೋಗುವುದಾದರೆ, ಸಿದ್ಧಪಡಿಸಿದ ಇಳಿಜಾರಿನಲ್ಲೇ ಇರುವುದಾದರೆ, ಸಾದಾ ಬ್ಲೂಟೂತ್ ಇಂಟರ್‌ಕಾಮ್ ಸಾಕು. ನಾಲ್ಕೈದು ಮಂದಿಯಾದರೆ ಹಳೆಯ ಬ್ಲೂಟೂತ್ ಸರಪಳಿಯಲ್ಲಿ ನಡುವಿನವನು ದೂರ ಸರಿದರೆ ಎರಡೂ ಕಡೆಯವರ ಮಾತು ತುಂಡಾಗುತ್ತದೆ. ‘ಮೆಶ್’ ಬಗೆಯಲ್ಲಿ ಪ್ರತಿ ಯಂತ್ರವೂ ಇನ್ನೊಂದರ ಮಾತನ್ನು ದಾಟಿಸುವುದರಿಂದ ಒಬ್ಬ ಹೋದರೂ ಬಲೆ ತನ್ನನ್ನು ತಾನೇ ನೇಯ್ದುಕೊಳ್ಳುತ್ತದೆ. ಡಬ್ಬಿಯ ಮೇಲಿನ ‘ಇಷ್ಟು ಕಿಲೋಮೀಟರ್’ ಎಂಬುದು ಬಯಲಿನ ಲೆಕ್ಕ. ಒಂದು ದಿಣ್ಣೆ, ಒಂದಿಷ್ಟು ಪೈನ್ ಮರ ಅಡ್ಡ ಬಂದರೆ ಅದು ಕುಗ್ಗುತ್ತದೆ. ಚಳಿಗೆ ಲಿಥಿಯಂ ಬ್ಯಾಟರಿಯ ಬಲ ಇಳಿಯುತ್ತದೆ, ಆದ್ದರಿಂದ ಹೇಳಿದ ಗಂಟೆಗಳಲ್ಲಿ ಒಂದಷ್ಟನ್ನು ಕಳೆದೇ ನೋಡಬೇಕು. ಗುಂಡಿಗಳನ್ನು ದಪ್ಪ ಕೈಗವಸು ತೊಟ್ಟು ಅಂಗಡಿಯಲ್ಲೇ ಒತ್ತಿ ನೋಡಿ. ಕೂರಿಸಲು ಹೆಲ್ಮೆಟ್ಟನ್ನು ಕೊರೆಯಬೇಕಾಗಿ ಬಂದರೆ ಅಂಥದ್ದು ಬೇಡ.

ಫೋನಿನ ಆ್ಯಪ್ ಮೂಲಕ ಮಾತಾಡಿಸುವ ಅಗ್ಗದ ಹೆಡ್‌ಸೆಟ್ಟುಗಳೂ ಇವೆ. ಅವುಗಳಿಗೆ ಮೊಬೈಲ್ ಜಾಲ ಬೇಕು. ಬೆಂಗಳೂರಿನಿಂದ ಗುಲ್ಮಾರ್ಗ್‌ಗೆ ಹೋಗುವವರು ಇದನ್ನು ನೆನಪಿಡಬೇಕು: ಭದ್ರತೆಯ ಕಾರಣಕ್ಕೆ ಹೊರರಾಜ್ಯದ ಪ್ರಿಪೇಯ್ಡ್ ಸಿಮ್‌ಗಳಿಗೆ ಕಾಶ್ಮೀರದಲ್ಲಿ ನಿರ್ಬಂಧವಿದೆ. ಗೊಂಡೋಲಾ ಹತ್ತಿ ಅಫರ್ವಾತ್ ಬೆಟ್ಟದ ಮೇಲೆ ನಿಂತಾಗ ಇದು ತಿಳಿದರೆ ತಡವಾಗಿರುತ್ತದೆ.

ಕೊನೆಯದಾಗಿ, ಕಿವಿಯನ್ನು ಪೂರ್ತಿ ಮುಚ್ಚದ ಸಾಧನವನ್ನೇ ಆರಿಸಿ, ಹಾಡಿನ ಸದ್ದು ತಗ್ಗಿಸಿ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 1967ರಿಂದ ಹೇಳುತ್ತ ಬಂದಿರುವ ನಿಯಮದಂತೆ, ಮೇಲಿನಿಂದ ಬರುವವನು ಕೆಳಗಿರುವವನನ್ನು ತಪ್ಪಿಸಿ ಸಾಗಬೇಕು. ಎಲ್ಲರೂ ಅದನ್ನು ಪಾಲಿಸುವುದಿಲ್ಲ. ಹಿಂದಿನಿಂದ ಯಾರೋ ಅಪರಿಚಿತ ‘ಸರಿ, ಸರಿ’ ಎಂದು ಕೂಗಿದಾಗ ಆ ಕೂಗಿಗೆ ನಿಮ್ಮ ಇಂಟರ್‌ಕಾಮಿನಲ್ಲಿ ವಾಹಿನಿ ಇರುವುದಿಲ್ಲ. ಅದನ್ನು ಕೇಳಲು ಬರಿಗಿವಿಯೇ ಬೇಕು.