ಒಂದು ಫೋಟೋಗೆ ಒಂದು ರೂಪಾಯಿ

1938ರಲ್ಲಿ ಮುಂಬಯಿಯ 'ಬಾಂಬೆ ಕ್ರಾನಿಕಲ್' ಪತ್ರಿಕೆಯಲ್ಲಿ ಕೆಲವು ಫೋಟೋಗಳು ಅಚ್ಚಾದವು. ಯುದ್ಧದವಲ್ಲ, ಮೆರವಣಿಗೆಯವಲ್ಲ, ಗವರ್ನರ್ ಸಾಹೇಬರವೂ ಅಲ್ಲ. ಹೆಂಗಸರ ಕ್ಲಬ್ಬೊಂದರ ಸದಸ್ಯೆಯರು ಪಿಕ್‌ನಿಕ್‌ಗೆ ಹೋದ ಚಿತ್ರಗಳು. ತೆಗೆದವಳು ಜೆ.ಜೆ. ಕಲಾಶಾಲೆಯಲ್ಲಿ ಓದಿದ ಪಾರ್ಸಿ ಹುಡುಗಿ. ಪತ್ರಿಕೆಯವರು ಕೊಟ್ಟದ್ದು ಒಂದು ಫೋಟೋಗೆ ಒಂದು ರೂಪಾಯಿ.

ಆ ಹುಡುಗಿ ಹೋಮೈ ವ್ಯಾರಾವಾಲಾ. ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಎಂದು ಈಗ ಎಲ್ಲರೂ ಅವರನ್ನು ಗುರುತಿಸುತ್ತಾರೆ. 1947ರ ಆಗಸ್ಟ್‌ನಲ್ಲಿ ಕೆಂಪುಕೋಟೆಯ ಮೇಲೆ ಮೊದಲ ಸಲ ನಮ್ಮ ಬಾವುಟ ಏರಿದ್ದು, ಮೌಂಟ್‌ಬ್ಯಾಟನ್ ದೆಹಲಿ ಬಿಟ್ಟು ಹೊರಟದ್ದು, ಗಾಂಧೀಜಿಯ ಅಂತ್ಯಯಾತ್ರೆ, ಪಾರಿವಾಳ ಹಾರಿಬಿಡುತ್ತಿರುವ ನೆಹರೂ, ಎಲ್ಲವನ್ನೂ ಇವರ ಕ್ಯಾಮೆರಾ ಹಿಡಿದಿದೆ. 2011ರಲ್ಲಿ ಪದ್ಮವಿಭೂಷಣವೂ ಬಂತು. ಈ ದೊಡ್ಡ ಚಿತ್ರಗಳ ಬಗ್ಗೆ ಬರೆದವರು ಬಹಳ ಜನ ಇದ್ದಾರೆ. ನನಗೆ ಹೇಳಬೇಕಾಗಿರುವುದು ಆ ಒಂದು ರೂಪಾಯಿಯ ಪಿಕ್‌ನಿಕ್ ಫೋಟೋ ಬಗ್ಗೆ.

ನಾನು ಇತಿಹಾಸ ಓದಿದವಳಲ್ಲ. ಎಂಟೆಕ್‌ನಲ್ಲಿ ಇಮೇಜ್ ಪ್ರಾಸೆಸಿಂಗ್ ಮಾಡಿ ಐಟಿಗೆ ಬಂದವಳು. ಬಹಳ ಕಾಲ ನನ್ನ ಪಾಲಿಗೆ ಫೋಟೋ ಎಂದರೆ ಸೊನ್ನೆಯಿಂದ 255ರವರೆಗಿನ ಅಂಕೆಗಳನ್ನು ತುಂಬಿದ ಚೌಕುಳಿ ಅಷ್ಟೇ. ಮೂರು ವರ್ಷದ ಹಿಂದೆ ಧಾರವಾಡದ ನನ್ನ ಅತ್ಯಾನ ಹಳೆಯ ನೆಗೆಟಿವ್‌ಗಳನ್ನು ಡಿಜಿಟಲ್ ಮಾಡಲು ಡೊಂಬಿವಲಿಯ ಮನೆಗೆ ತಂದುಕೊಂಡೆ. ಅವುಗಳಲ್ಲಿ ಇದ್ದ ವಿಷಯಗಳನ್ನು ನೋಡಿ, ಹೆಣ್ಣುಮಕ್ಕಳು ಕ್ಯಾಮೆರಾ ಹಿಡಿದದ್ದು ಯಾವಾಗ, ಹಿಡಿದು ಏನನ್ನು ನೋಡಿದರು ಎಂದು ಹುಡುಕಲು ಶುರುಮಾಡಿದೆ. ಅತ್ಯಾನ ಮಾತು ಆಮೇಲೆ ಬರುತ್ತದೆ.

ಮೊದಮೊದಲು ಫೋಟೋ ತೆಗೆಯುವುದು ಅಡುಗೆಗಿಂತ ಹೆಚ್ಚಿನ ರಗಳೆ. ಗಾಜಿನ ಫಲಕಕ್ಕೆ ರಾಸಾಯನಿಕ ಬಳಿದು, ಅದು ಒಣಗುವ ಮುಂಚೆಯೇ ಚಿತ್ರ ತೆಗೆದು, ಕತ್ತಲಕೋಣೆಗೆ ಓಡಿ ತೊಳೆಯಬೇಕು. ಬೆಳ್ಳಿಯ ಲವಣ ತಾಗಿ ಬೆರಳು ಕಪ್ಪಾಗುತ್ತಿದ್ದವು. ಇಷ್ಟು ಕಷ್ಟದ ಕಾಲದಲ್ಲೇ, 1863ರಲ್ಲಿ, 48ರ ವಯಸ್ಸಿನ ಒಬ್ಬ ಹೆಂಗಸು ಇಂಗ್ಲೆಂಡಿನಲ್ಲಿ ಕ್ಯಾಮೆರಾ ಹಿಡಿದಳು. ಜೂಲಿಯಾ ಮಾರ್ಗರೆಟ್ ಕ್ಯಾಮೆರನ್. ಹುಟ್ಟಿದ್ದು ನಮ್ಮ ಕಲ್ಕತ್ತೆಯಲ್ಲಿ. ಮಗಳು ಅಳಿಯ ಉಡುಗೊರೆ ಕೊಟ್ಟ ಕ್ಯಾಮೆರಾ ಅದು. ಇದ್ದಿಲು ತುಂಬುವ ಕೋಣೆ ಕತ್ತಲಕೋಣೆಯಾಯಿತು, ಕೋಳಿಗೂಡು ಸ್ಟುಡಿಯೋ ಆಯಿತು. ಮನೆಗೆಲಸದ ಹುಡುಗಿ ಮೇರಿ ಹಿಲಿಯರ್ ಎಷ್ಟೋ ಚಿತ್ರಗಳಲ್ಲಿ ಮೇರಿಮಾತೆಯಾಗಿ ಕೂತಳು. ಹೊರಗೆ ಹೋಗಿ ಹುಡುಕುವ ಬದಲು ಮನೆಯಲ್ಲಿದ್ದವರ ಮುಖವನ್ನೇ ಆಕೆ ನೋಡಿದಳು. ಚಿತ್ರಗಳು ಮಸುಕಾಗಿವೆ ಎಂದು ಆಗಿನ ಪಂಡಿತರು ಮೂಗುಮುರಿದರು. ಇಂದು ಅವು ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿವೆ.

ನಂತರ 1888ರಲ್ಲಿ ಕೊಡಾಕ್ ಬಂತು. ನೂರು ಚಿತ್ರ ತೆಗೆದು ಕ್ಯಾಮೆರಾವನ್ನೇ ಕಂಪನಿಗೆ ಕಳಿಸಿದರೆ ತೊಳೆದು, ಪ್ರಿಂಟ್ ಹಾಕಿ, ಹೊಸ ರೀಲು ತುಂಬಿ ವಾಪಸು ಕೊಡುತ್ತಿದ್ದರು. 1900ರಲ್ಲಿ ಒಂದು ಡಾಲರಿಗೆ ಬ್ರೌನಿ ಎಂಬ ಡಬ್ಬಿ ಕ್ಯಾಮೆರಾ ಬಿಟ್ಟರು. ಜಾಹೀರಾತುಗಳಲ್ಲಿ ಕ್ಯಾಮೆರಾ ಹಿಡಿದವಳು ಹೆಣ್ಣು. ಕಂಪನಿಗೆ ಬೇಕಾಗಿದ್ದದ್ದು ರೀಲು ಖರ್ಚಾಗುವುದು, ಅದರಲ್ಲಿ ಅನುಮಾನವಿಲ್ಲ. ಆದರೂ ವ್ಯಾಪಾರದ ಆಸೆಯಿಂದ ತೆರೆದ ಬಾಗಿಲಲ್ಲೂ ಒಳಗೆ ಹೋಗಬಹುದಲ್ಲ!

ನಮ್ಮಲ್ಲಿ ಬಾಂಬೆ ಫೋಟೋಗ್ರಾಫಿಕ್ ಸೊಸೈಟಿ 1854ರಷ್ಟು ಹಿಂದೆಯೇ ಶುರುವಾಗಿತ್ತು. ಹೆಂಗಸರಿಗೆ ಮಾತ್ರ ಕ್ಯಾಮೆರಾದ ಮುಂದೆ ಕೂರುವುದೇ ಒಂದು ಸಮಸ್ಯೆ. ಪರದೆಯ ಮನೆಗಳ ಹೆಣ್ಣುಮಕ್ಕಳು ಗಂಡಸು ಫೋಟೋಗ್ರಾಫರನ ಎದುರು ಬರುವುದು ಹೇಗೆ? ನಿಜಾಮರ ಛಾಯಾಗ್ರಾಹಕರಾಗಿದ್ದ ಲಾಲಾ ದೀನದಯಾಳ್ 1892ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಜನಾನಾ ಸ್ಟುಡಿಯೋ ತೆರೆದರು. ಅಲ್ಲಿ ಚಿತ್ರ ತೆಗೆಯುತ್ತಿದ್ದವಳೂ ಹೆಂಗಸು, ಕೆನಿ-ಲೆವಿಕ್ ಎಂಬ ಆಂಗ್ಲ ಮಹಿಳೆ. ಮುಂದೆ ಕಲ್ಕತ್ತೆಯಲ್ಲಿ ಅನ್ನಪೂರ್ಣಾ ದತ್ತ ಎಂಬ ಗೃಹಿಣಿ ಇಂಥ ಮನೆಗಳಿಗೆ ತಾವೇ ಹೋಗಿ ಫೋಟೋ ತೆಗೆದು, ಅದರಿಂದ ಸಂಸಾರಕ್ಕೆ ನೆರವಾದರು. ಅಂದರೆ ನಮ್ಮಲ್ಲಿ ಹೆಣ್ಣಿನ ಕೈಗೆ ಕ್ಯಾಮೆರಾ ಸೇರಿದ್ದು ಬಹುಮಟ್ಟಿಗೆ ಒಳಮನೆಯ ಬಾಗಿಲಿಂದ.

ಹೋಮೈ ಕಥೆಯೂ ಹಾಗೆಯೇ. ಹುಟ್ಟಿದ್ದು 1913ರಲ್ಲಿ, ಗುಜರಾತಿನ ನವಸಾರಿಯಲ್ಲಿ. ತಂದೆ ಪಾರ್ಸಿ ನಾಟಕ ಕಂಪನಿಯ ನಟ. ಫೋಟೋ ಕಲಿಸಿದ್ದು ಗೆಳೆಯ ಮಾಣೆಕ್‌ಷಾ ವ್ಯಾರಾವಾಲಾ, ಮುಂದೆ ಅವರನ್ನೇ ಮದುವೆಯಾದರು. ಕಲಾಶಾಲೆಯ ದಿನಗಳಲ್ಲಿ ಹೋಮೈ ತೆಗೆದದ್ದು ಕೈಗೆ ಸಿಕ್ಕ ಬದುಕನ್ನು: ಚಿತ್ರ ಬರೆಯುತ್ತ ಕೂತ ಸಹಪಾಠಿಗಳು, ಮುಂಬಯಿಯ ಬೀದಿ, ವಿ.ಟಿ. ಸ್ಟೇಷನ್. ಸಹಪಾಠಿ ರೆಹಾನಾ ಮೊಗಲ್ ಅವರ ಮೆಚ್ಚಿನ ರೂಪದರ್ಶಿ. ಆ ಚಿತ್ರಗಳನ್ನು ನೋಡಿದರೆ, ಬೆಳಕು ಕೆನ್ನೆಯ ಯಾವ ಕಡೆ ಬೀಳಬೇಕು ಎಂಬುದನ್ನು ಆಕೆ ಗೆಳತಿಯರ ಮುಖದ ಮೇಲೇ ಕಲಿತರು ಎನಿಸುತ್ತದೆ. ಗೆಳತಿ ಅವಸರ ಮಾಡುವುದಿಲ್ಲ, ಸರಿಯಾಗಿ ಬರದಿದ್ದರೆ ನಗುತ್ತಾಳೆ, ಇನ್ನೊಮ್ಮೆ ಕೂರುತ್ತಾಳೆ. ಇದಕ್ಕಿಂತ ಒಳ್ಳೆಯ ಪಾಠಶಾಲೆ ಯಾವುದಿದೆ?

ಸರಿ, ಹೆಸರಿನ ವಿಷಯಕ್ಕೆ ಬರೋಣ. ಮೊದಮೊದಲು ಪತ್ರಿಕೆಗಳಲ್ಲಿ ಅವರ ಚಿತ್ರಗಳು ಬಂದದ್ದು ಮಾಣೆಕ್‌ಷಾ ಹೆಸರಿನಲ್ಲಿ. ಹೆಣ್ಣು, ಅದೂ ಯಾರಿಗೂ ಗೊತ್ತಿಲ್ಲದವಳು, ಎಂಬ ಕಾರಣಕ್ಕೆ. ಆಮೇಲೆ 'ಡಾಲ್ಡಾ 13' ಎಂಬ ಗುಪ್ತನಾಮ ಇಟ್ಟುಕೊಂಡರು. ಹುಟ್ಟಿದ್ದು 1913, ಮಾಣೆಕ್‌ಷಾರನ್ನು ಕಂಡದ್ದು 13ನೇ ವಯಸ್ಸಿನಲ್ಲಿ, ಕಾರಿನ ನಂಬರು ಡಿಎಲ್‌ಡಿ 13! ಕೇಳಲು ತಮಾಷೆಯಾಗಿದೆ. ಆದರೆ ಗಂಡನ ಹೆಸರು, ಇಲ್ಲವಾದರೆ ವನಸ್ಪತಿ ತುಪ್ಪದ ಹೆಸರು, ಈ ಎರಡರ ನಡುವೆ ಚಿತ್ರ ತೆಗೆದವಳ ಹೆಸರು ಎಲ್ಲಿ ಹೋಯಿತು ಎಂದು ನನಗೆ ಪ್ರತಿಸಲವೂ ಕಸಿವಿಸಿಯಾಗುತ್ತದೆ.

1942ರಲ್ಲಿ ದೆಹಲಿಗೆ ಹೋಗಿ ಬ್ರಿಟಿಷ್ ಸರ್ಕಾರದ ಮಾಹಿತಿ ಕಚೇರಿಯಲ್ಲಿ ಕೆಲಸಕ್ಕೆ ಸೇರಿದರು. ಸೀರೆಯುಟ್ಟು, ಭಾರದ ಸಲಕರಣೆ ಹೊತ್ತು, ಸೈಕಲ್ ತುಳಿದು ಓಡಾಡಿದವರು. ಸೀರೆಯ ಹೆಂಗಸು ಕ್ಯಾಮೆರಾ ಹಿಡಿದರೆ ಜನ ಅದನ್ನು ಆಟ ಎಂದುಕೊಳ್ಳುತ್ತಿದ್ದರಂತೆ. ಹಾಗಾಗಿಯೇ ಸೂಕ್ಷ್ಮ ಜಾಗಗಳಲ್ಲೂ ಯಾರೂ ತಡೆಯಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಆಗಿನ ಸ್ಪೀಡ್ ಗ್ರಾಫಿಕ್ ಕ್ಯಾಮೆರಾದಲ್ಲಿ ಒಂದು ಚಿತ್ರ ತೆಗೆದ ಮೇಲೆ ಫಿಲ್ಮ್ ಹಾಳೆ ಬದಲಿಸಬೇಕು, ಸುಟ್ಟುಹೋದ ಫ್ಲ್ಯಾಷ್ ಬಲ್ಬು ಕಿತ್ತು ಹೊಸದು ಸಿಕ್ಕಿಸಬೇಕು. ಇವತ್ತು ನನ್ನ ಫೋನು ನಾನು ಒತ್ತುವ ಮುಂಚೆಯೇ ಹಲವು ಚಿತ್ರ ತೆಗೆದು, ಅವನ್ನು ಸೇರಿಸಿ ಒಂದು ಮಾಡಿ ಕೊಡುತ್ತದೆ. ಅವರಿಗಿದ್ದದ್ದು ಒಂದೇ ಗಳಿಗೆ. ಪ್ರಧಾನಿಯೊಬ್ಬರು ಪರದೇಶದ ಅಧಿಕಾರಿಯ ಹೆಂಡತಿಗೆ ಸಿಗರೇಟು ಹಚ್ಚಿಕೊಡುವ ಆ ಪ್ರಸಿದ್ಧ ಚಿತ್ರವನ್ನೇ ನೋಡಿ. ಪಿಕ್‌ನಿಕ್‌ನಲ್ಲಿ ಗೆಳತಿಯರು ಮೈಮರೆತು ನಗುವ ಕ್ಷಣಕ್ಕೆ ಕಾದ ಕಣ್ಣೇ ಇಲ್ಲೂ ಕಾದಿದೆ. ಅಧಿಕಾರದ ಮನುಷ್ಯರನ್ನೂ ಆಕೆ ಮನೆಮಂದಿಯಂತೆ ನೋಡಿದ್ದಾರೆ.

1970ರಲ್ಲಿ, ಗಂಡ ತೀರಿಕೊಂಡ ಮರುವರ್ಷ, ಕ್ಯಾಮೆರಾ ಕೆಳಗಿಟ್ಟರು. ಹೊಸ ಪೀಳಿಗೆಯ ಪತ್ರಿಕಾ ಛಾಯಾಗ್ರಾಹಕರ ವರ್ತನೆ ಅವರಿಗೆ ಹಿಡಿಸಲಿಲ್ಲ. ಮುಂದೆ ವಡೋದರಾದಲ್ಲಿ ಕೈತೋಟ, ಕೈಕೆಲಸ ಎಂದು ಬದುಕಿ 2012ರ ಜನವರಿಯಲ್ಲಿ, 98ರ ವಯಸ್ಸಿನಲ್ಲಿ ಹೋದರು. ವಿದ್ವಾಂಸೆ ಸಬೀನಾ ಗಡಿಹೋಕ್ ಅವರ ಮನೆಗೆ ಹೋಗಿ, ಕೇಳಿ, 2006ರಲ್ಲಿ ಪುಸ್ತಕ ತರದಿದ್ದರೆ ಎಷ್ಟೋ ಚಿತ್ರಗಳಿಗೆ ಇಂದಿಗೂ ಹೆಸರಿರುತ್ತಿರಲಿಲ್ಲ.

ಹೋಮೈ ಕಚೇರಿಯ ಕೆಲಸಕ್ಕೆ ಹೋದವರು. ಮನೆಯಿಂದಾಚೆ ಕೆಲಸಕ್ಕೆ ಹೋಗದೆಯೇ ನೋಡಿದವರೂ ಇದ್ದರು. 1919ರಲ್ಲಿ ಹುಟ್ಟಿದ ಅವಳಿ ಸೋದರಿಯರು ಮನೋಬಿನಾ ಮತ್ತು ದೇಬಲೀನಾ. ಕಾಶಿಯ ಹತ್ತಿರದ ರಾಮನಗರದಲ್ಲಿ ತಂದೆ ಮೇಷ್ಟ್ರು, ಫೋಟೋದ ಹುಚ್ಚಿದ್ದವರು. ಹನ್ನೆರಡು ತುಂಬಿದಾಗ ಹೆಣ್ಣುಮಕ್ಕಳಿಗೆ ಕೊಟ್ಟದ್ದು ಡಬ್ಬಿ ಕ್ಯಾಮೆರಾ. ಒಡವೆಯಲ್ಲ, ಗಮನಿಸಿ. ಮನೋಬಿನಾ ಮದುವೆಯಾದದ್ದು ನಮಗೆಲ್ಲ ಗೊತ್ತಿರುವ ಬಿಮಲ್ ರಾಯ್ ಅವರನ್ನು. 'ದೋ ಬಿಘಾ ಜಮೀನ್', 'ಮಧುಮತಿ'ಯ ನಿರ್ದೇಶಕರು. ಸಂಸಾರ ಮುಂಬಯಿಗೆ ಬಂತು, ಮಕ್ಕಳಾದವು, ಕ್ಯಾಮೆರಾ ಉಳಿಯಿತು. ಕಿಟಕಿಯ ಬೆಳಕು, ಮಗುವಿನ ಮುಖ, ಬೀದಿಯ ಜನ. ಗಂಡನ ಹೆಸರು ಊರೂರಿನ ಪರದೆಯ ಮೇಲೆ ಮೂಡುತ್ತಿದ್ದ ಕಾಲದಲ್ಲಿ ಆಕೆ ತಮ್ಮ ಪಾಡಿಗೆ ನೋಡುತ್ತ ಹೋದರು. ಬಿಡುವಿನ ಹವ್ಯಾಸ ಎಂದು ಇದನ್ನು ಪಕ್ಕಕ್ಕಿಡುವವರ ಜೊತೆ ನಾನು ವಾದ ಮಾಡುತ್ತೇನೆ.

ಇವರನ್ನೆಲ್ಲ ಓದಿದ ಮೇಲೆ ನನಗೂ ಒಂದು ಚಟ ಹತ್ತಿದೆ. ತಿಂಗಳಿಗೆ ಹನ್ನೆರಡೇ ಫೋಟೋ, ಹಳೆಯ ರೀಲಿನ ಲೆಕ್ಕ. ಹೆಚ್ಚಿನವು ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ, ಕೇಳಿ ಒಪ್ಪಿಗೆ ಪಡೆದು. ಸಂಜೆಯ ಬಿಸಿಲು ಕಿಟಕಿಯ ಸರಳುಗಳಿಂದ ಬಂದು ಮಟಾಣಿ ಬಿಡಿಸುತ್ತಿರುವ ಬೆರಳುಗಳ ಮೇಲೆ ಬೀಳುವುದನ್ನು ಮುಂಬಯಿಯ ನೀವು ಎಷ್ಟು ಸಲ ನೋಡಿಲ್ಲ? ಹನ್ನೆರಡೇ ಎಂದಾಗ ಮೊದಲು ನೋಡಬೇಕಾಗುತ್ತದೆ. ಆಫೀಸಿನ ಡಿಸೈನ್ ಕೆಲಸದಲ್ಲಿ ತಲೆ ಕಟ್ಟಿಹೋದ ದಿನಗಳಲ್ಲಿ ನನಗೆ ದಾರಿ ತೋರಿಸಿದ್ದು ಆ ಬೆರಳುಗಳೇ, ಉತ್ಪ್ರೇಕ್ಷೆಯಲ್ಲ.

ಈಗ ಅತ್ಯಾ. ಧಾರವಾಡದಲ್ಲಿ ಪ್ರೈಮರಿ ಶಾಲೆಯ ಅಕ್ಕೋರು. ಎಪ್ಪತ್ತರ ದಶಕದಲ್ಲಿ ಸಂಬಳದ ದುಡ್ಡು ಕೂಡಿಸಿ ಆಗ್ಫಾ ಕ್ಲಿಕ್ 3 ತಗೊಂಡಳು. ಬರೋಡಾದಲ್ಲೇ ತಯಾರಾಗುತ್ತಿದ್ದ ಕ್ಯಾಮೆರಾ, ಒಂದು ರೀಲಿಗೆ ಹನ್ನೆರಡು ಚೌಕ ಚಿತ್ರ. ಹತ್ತಿರದ್ದು ಸ್ಪಷ್ಟ ಬರುವುದಿಲ್ಲ, ನಾಲ್ಕು ಹೆಜ್ಜೆ ಹಿಂದೆ ಸರಿಯಬೇಕು. ಅವಳು ತೆಗೆದದ್ದು ಮಾಳಿಗೆಯ ಮೇಲೆ ಒಣಗಿಸಿದ ಸಂಡಿಗೆಯ ಸಾಲು, ಮೊಗ್ಗಿನ ಜಡೆ ಹಾಕಿಸಿಕೊಳ್ಳುತ್ತಿರುವ ಹುಡುಗಿ, ನಳದ ಮುಂದೆ ಕೊಡಗಳ ಪಾಳಿ, ನಾಗರಪಂಚಮಿಯ ಜೋಕಾಲಿ. "ರೀಲೇನು ಪುಕ್ಕಟ ಬರತದೇನು? ಸಂಡಿಗಿ ಫೋಟೋ ಯಾರು ನೋಡತಾರ?" ಎನ್ನುತ್ತಿದ್ದರಂತೆ ನಮ್ಮಜ್ಜ.

ನಾನು ನೋಡುತ್ತೇನೆ. ಟ್ಯಾಬ್ಲೆಟ್ಟಿನ ಬಿಳಿ ಪರದೆಯ ಮೇಲೆ, ನಡುವೆ ಗಾಜು ಎತ್ತರಿಸಿಟ್ಟು, ಒಂದೊಂದೇ ನೆಗೆಟಿವ್ ಇಟ್ಟು ಮೇಲಿನಿಂದ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಕಪ್ಪು ಬಿಳುಪು ತಿರುವಿಹಾಕುತ್ತೇನೆ. ಭಾನುವಾರ ವಿಡಿಯೋ ಕಾಲ್‌ನಲ್ಲಿ ಅತ್ಯಾನಿಗೆ ತೋರಿಸುತ್ತೇನೆ. ಅವಳಿಗೀಗ 78. ಕಳೆದ ವರ್ಷದವರೆಗೆ ಕೂಡಲೇ ಹೇಳುತ್ತಿದ್ದಳು: ಇಕಿ ಹಿಂದಿನ ಮನಿ ಸೊಸಿ, ಇಕಿ ಹೂವು ಮಾರಾಕಿ. ಈಚೆಗೆ ಹೆಸರುಗಳು ಒಂದರ ಮೇಲೊಂದು ಬೀಳುತ್ತಿವೆ. ಜೋಕಾಲಿಯ ಹುಡುಗಿಯನ್ನು ಎರಡು ವಾರ ಎರಡು ಹೆಸರಿನಿಂದ ಕರೆದಳು. ಎಷ್ಟೋ ಮುಖಗಳ ಎದುರು ನಾನು ಬರೆದಿರುವುದು ಪ್ರಶ್ನಾರ್ಥಕ ಚಿಹ್ನೆ ಮಾತ್ರ, ಮತ್ತು ಇನ್ನೂ ಎಂಟು ರೀಲು ಉಳಿದಿವೆ. ಆದ್ದರಿಂದ ಈಗ ವಾರಕ್ಕೆರಡು ಸಲ ಕಾಲ್ ಮಾಡುತ್ತೇನೆ.

ಇಷ್ಟು ಚಿತ್ರಗಳಲ್ಲಿ ಅತ್ಯಾ ಎಲ್ಲೂ ಇಲ್ಲ, ಕ್ಯಾಮೆರಾ ಅವಳ ಕೈಯಲ್ಲೇ ಇತ್ತಲ್ಲ. ಹೋದ ತಿಂಗಳು ಮಾತ್ರ ಒಂದು ಸಿಕ್ಕಿತು. ಆ ಕ್ಯಾಮೆರಾಕ್ಕೆ ಬಿಸಿಲು ಬೆನ್ನ ಹಿಂದೆ ಇರಬೇಕು. ಹಾಗೆ ನಿಂತಾಗ ಬೆಳಗಿನ ಉದ್ದನೆಯ ನೆರಳು ಸಂಡಿಗೆಯ ಸಾಲಿನ ಮೇಲೆ ಬಿದ್ದಿದೆ: ಎತ್ತಿದ ಎರಡು ಮೊಣಕೈ, ಗಾಳಿಗೆ ಹಾರಿದ ಸೆರಗಿನ ಅಂಚು. ತೋರಿಸಿದೆ. "ಅಯ್ಯ, ಅದು ಕೆಟ್ಟದ, ತೆಗೆದು ಒಗಿ" ಎಂದಳು. ಫೈಲಿಗೆ ಅವಳ ಪೂರ್ತಿ ಹೆಸರು, ತಾರೀಖು ಬರೆದು ಸೇವ್ ಮಾಡಿದೆ.